ಇಂಟರೆಸ್ಟು

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನು ಯಾವ ಇಂಗ್ಲಿಷ್ ಶಬ್ದವನ್ನು ಅತಿ ಹೆಚ್ಚು ಸಲ ಬರೆದಿರಬಹುದು ಎಂದು ಯಾರಾದರೂ ಕೇಳಿದರೆ ಯೋಚನೆ ಮಾಡಬೇಕಾದ್ದೇ ಇಲ್ಲ. ಇಂಟರೆಸ್ಟ್. 1982ರಲ್ಲಿ ಧಾರವಾಡದಲ್ಲಿ ಎಂ.ಕಾಂ. ಮುಗಿಸಿಕೊಂಡು ನಾನು ಮುಂಬಯಿಯ ಶಾಖೆಗೆ ಬಂದಾಗ ಎಲ್ಲ ಕೈಬರಹದ ಲೆಡ್ಜರು. ಉಳಿತಾಯ ಖಾತೆಯಲ್ಲಿ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ. ಹನ್ನೊಂದನೇ ತಾರೀಖು ಲಕ್ಷ ರೂಪಾಯಿ ತಂದು ಕಟ್ಟಿದರೂ ಆ ತಿಂಗಳು ಅದಕ್ಕೆ ಬಿಡಿಗಾಸಿಲ್ಲ. ದಿನದಿನದ ಬಾಕಿಗೆ ಲೆಕ್ಕ ಹಾಕುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ. ಕಂಪ್ಯೂಟರ್ ಬರುವ ಮುಂಚೆ ಆರು ತಿಂಗಳಿಗೊಮ್ಮೆ 'ಪ್ರಾಡಕ್ಟ್' ಕೂಡಿಸಿ ಕೂಡಿಸಿ, ಬಡ್ಡಿ ತೆಗೆದು, ಕೊನೆಯ ಲೋಕಲ್ ಗಾಡಿ ಹಿಡಿದು ಮನೆಗೆ ಹೋಗುತ್ತಿದ್ದೆವು. ಆಗ ಆ ಶಬ್ದಕ್ಕೆ ಒಂದೇ ಅರ್ಥ.

ಕೌಂಟರಿನಿಂದ ಹೊರಗೆ ಬಂದರೆ ಅದೇ ಶಬ್ದಕ್ಕೆ ಬೇರೆ ಬೇರೆ ವೇಷ. ಮದುವೆ ಮಾತುಕತೆಯ ಫೋನಿನಲ್ಲಿ "ಹುಡುಗಿ ಕಡೆಯವರು ಇಂಟರೆಸ್ಟೆಡ್ ಇದ್ದಾರಂತೆ" ಎನ್ನುತ್ತಾರೆ. ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ, ಬಣ್ಣ ಬಳಿಯುವ ಕಂತ್ರಾಟು ಕಮಿಟಿಯವರೊಬ್ಬರ ಭಾವಮೈದುನನಿಗೇ ಹೋಗುವ ಹಾಗೆ ಕಂಡಾಗ, ಪಕ್ಕದವರು ದನಿ ತಗ್ಗಿಸಿ "ಅವರಿಗೆ ಅದರಲ್ಲಿ ಇಂಟರೆಸ್ಟ್ ಇದೆ" ಎಂದರು. ಮೊಮ್ಮಗನಂತೂ ಗಣಿತದ ಪುಸ್ತಕ ಮುಚ್ಚಿ "ಇಂಟರೆಸ್ಟ್ ಇಲ್ಲ ಅಜ್ಜಾ" ಎಂದ. ತೆರೆದಿದ್ದ ಪಾಠ ಸರಳ ಬಡ್ಡಿಯದು!

ಪ್ರೀತಿಗೂ ಅದೇ, ದುಡ್ಡಿಗೂ ಅದೇ, ಅನುಮಾನಕ್ಕೂ ಅದೇ. ಕನ್ನಡದಲ್ಲಿ ನಾವು ಇವನ್ನೆಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ: ಬಡ್ಡಿ, ಆಸಕ್ತಿ, ಹಿತಾಸಕ್ತಿ, ಹಕ್ಕು, ಪಾಲು. ಇಂಗ್ಲಿಷರಿಗೆ ಶಬ್ದದ ಬಡತನವೇ ಎಂದು ನಾನು ತಮಾಷೆ ಮಾಡುತ್ತಿದ್ದೆ. ನಿವೃತ್ತನಾದ ಮೇಲೆ ನಿಘಂಟು ತಿರುವುವ ಚಟ ಹತ್ತಿತು. ಆಗ ತಿಳಿದದ್ದು ಇದು ಬಡತನದ ಕಥೆಯಲ್ಲ ಎಂದು.

ಲ್ಯಾಟಿನ್ನಿನಲ್ಲಿ 'ಇಂಟರ್' ಎಂದರೆ ನಡುವೆ, 'ಎಸ್ಸೆ' ಎಂದರೆ ಇರುವುದು. 'ಇಂಟರೆಸ್ಸೆ' ಎಂದರೆ ನಡುವೆ ಇರುವುದು. ಎರಡರ ನಡುವೆ ಏನೋ ಇದೆ ಎಂದರೆ ವ್ಯತ್ಯಾಸ ಇದೆ ಎಂದಾಯಿತು. ನನಗೆ ವ್ಯತ್ಯಾಸ ಆಗುತ್ತದೆ ಎಂದರೆ ಅದು ನನಗೆ ಸಂಬಂಧಪಟ್ಟದ್ದು ಎಂದಾಯಿತು. ರೋಮನ್ ಕಾನೂನಿನವರು ಇದನ್ನೇ ಹಿಡಿದು, ಒಬ್ಬ ಮಾತಿಗೆ ತಪ್ಪಿದಾಗ ಇನ್ನೊಬ್ಬನ ಸ್ಥಿತಿ ಇರಬೇಕಾದ್ದಕ್ಕೂ ಈಗ ಇರುವುದಕ್ಕೂ ನಡುವೆ ಎಷ್ಟು ಅಂತರ ಬಿತ್ತು ಎಂದು ಅಳೆಯುತ್ತಿದ್ದರು. ಆ ಅಂತರವನ್ನು ತುಂಬಿಕೊಡಬೇಕು.

ಮಧ್ಯಯುಗದ ಯುರೋಪಿನಲ್ಲಿ ಚರ್ಚು ಬಡ್ಡಿ ತಿನ್ನುವುದನ್ನು ಪಾಪ ಎಂದಿತು. ಸಾಲ ಕೊಟ್ಟವನಿಗೆ ಅಸಲಿನ ಮೇಲೆ ಏನೇ ಹೆಚ್ಚಿಗೆ ಬಂದರೂ ಅದು 'ಯೂಸುರಾ'. 1179ರ ಲ್ಯಾಟರನ್ ಧರ್ಮಸಭೆ, ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ವಿಧಿಯ ಸಮಾಧಿಯೂ ಇಲ್ಲ ಎಂದು ನಿರ್ಣಯಿಸಿತು. ಡಾಂಟೆ ಮಹಾಕವಿ ಅವರನ್ನು ನರಕದ ಏಳನೆಯ ಸುತ್ತಿನಲ್ಲಿ, ಕೊರಳಿಗೆ ಹಣದ ಚೀಲ ನೇತುಹಾಕಿ, ಬೆಂಕಿಯ ಮಳೆಯಲ್ಲಿ ಕೂರಿಸಿದ. (ನಮ್ಮ ಹಳೆಯ ಸಹೋದ್ಯೋಗಿಗಳ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬರು, "ಅಲ್ಲಿ ಪಿಂಚಣಿ ಪರಿಷ್ಕರಣೆ ಆಗಿದೆಯೋ ಕೇಳಿ" ಎಂದರು.)

ಆದರೆ ಸಾಲಗಾರ ಹೇಳಿದ ದಿನಕ್ಕೆ ಕೊಡದೆ ಕೊಟ್ಟವನಿಗೆ ನಷ್ಟವಾದರೆ? ಅದನ್ನು ತುಂಬಿಕೊಡುವುದು ನ್ಯಾಯವೇ ತಾನೆ? ಹೌದು ಎಂದರು ಪಂಡಿತರು. ಆ ನಷ್ಟಭರ್ತಿಗೆ ಬೇರೆ ಹೆಸರಿಟ್ಟರು: 'ಇಂಟರೆಸ್ಸೆ'. ಕ್ರಮೇಣ, ಸಾಲ ಕೊಟ್ಟದ್ದರಿಂದಲೇ ತಪ್ಪಿಹೋದ ಲಾಭವೂ ನಷ್ಟವೇ ಎಂಬ ವಾದ ಒಳಗೆ ಬಂತು. ಬಾಗಿಲು ಒಮ್ಮೆ ಬಿರುಕು ಬಿಟ್ಟರೆ ಸಾಕಲ್ಲ. 1545ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ಶೇಕಡಾ 10ರವರೆಗೆ ಅವಕಾಶ ಕೊಟ್ಟ. 1552ರಲ್ಲಿ ಮತ್ತೆ ಮುಚ್ಚಿದರು. 1571ರಲ್ಲಿ ಮತ್ತೆ ತೆರೆದರು. ಪಾಪದ ಹೆಸರು ಬಿದ್ದುಹೋಗಿ ಪರಿಹಾರದ ಹೆಸರು ಉಳಿಯಿತು. ಕುತೂಹಲ, ಆಸಕ್ತಿ ಎಂಬ ಅರ್ಥ ಗಟ್ಟಿಯಾದದ್ದು ತೀರ ಈಚೆಗೆ, 18ನೆಯ ಶತಮಾನದಲ್ಲಿ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಒಂದು ಸಂಗತಿ. ಮೂವತ್ತೇಳು ವರ್ಷ ನಾನು ಲಾಭದ ಬದಿಗೆ ಬರೆದ ಶಬ್ದ ಹುಟ್ಟಿನಲ್ಲಿ ನಷ್ಟದ್ದು. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥವೇ ಹಾನಿ. ಇಂದಿಗೂ ಫ್ರೆಂಚ್ ಕಾನೂನಿನಲ್ಲಿ ನಷ್ಟಪರಿಹಾರದ ಹೆಸರಿನೊಳಗೆ ಅದು ಕೂತಿದೆ. ನಿನಗೆ ಇದರಲ್ಲಿ ಇಂಟರೆಸ್ಟ್ ಇದೆಯೇ ಎಂದು ಕೇಳಿದರೆ ಹಳೆಯ ಲೆಕ್ಕದಲ್ಲಿ ಕೇಳಿದ್ದು, ಇದು ಹೋದರೆ ನಿನಗೇನು ಹೋಗುತ್ತದೆ ಎಂದು.

ನಮ್ಮ 'ಬಡ್ಡಿ'ಯ ದಾರಿ ಬೇರೆ. ಅದು ಸಂಸ್ಕೃತದ 'ವೃದ್ಧಿ'ಯ ತದ್ಭವ. ನಮ್ಮ ಕಡೆ ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನದ ಮೈಲಿಗೆಗೂ 'ವೃದ್ಧಿ' ಎಂದೇ ಹೆಸರು. "ಅವರಿಗೆ ವೃದ್ಧಿ ಅದ, ಊಟಕ್ಕ ಕರಿಯೂಹಂಗಿಲ್ಲ" ಎನ್ನುತ್ತಿದ್ದಳು ನಮ್ಮ ಅವ್ವ. ಗ್ರೀಕರಲ್ಲೂ ಬಡ್ಡಿಗೆ 'ಟೋಕೋಸ್' ಎನ್ನುತ್ತಿದ್ದರು. ಅದರ ಮೊದಲ ಅರ್ಥ ಹೆರಿಗೆ, ಸಂತಾನ. ದುಡ್ಡು ಮರಿ ಹಾಕುವುದು ಪ್ರಕೃತಿಗೆ ವಿರುದ್ಧ ಎಂದು ಅರಿಸ್ಟಾಟಲ್ ಗೊಣಗಿದ್ದು ಈ ಶಬ್ದ ಹಿಡಿದೇ. ನಮ್ಮವರು ಅಷ್ಟು ಕಟ್ಟುನಿಟ್ಟು ಮಾಡದೆ, ಮರಿ ಹಾಕಲಿ, ತಾಯಿಯನ್ನು ಮೀರಿ ಬೆಳೆಯದಿರಲಿ ಎಂದರು. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದು ಎಂಬ ಈ ನಿಯಮ ಮನುಸ್ಮೃತಿಯಲ್ಲೇ ಇದೆ. ಅದಕ್ಕೆ 'ದಾಮ್‌ದುಪಟ್' ಎಂದು ಹೆಸರು. ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಅದನ್ನು ಒಪ್ಪಿಕೊಂಡಿದ್ದವು. ಆಗ ಆ ಪ್ರಾಂತ್ಯದೊಳಗಿದ್ದ ನಮ್ಮ ಧಾರವಾಡ ಜಿಲ್ಲೆಯ ರೈತನಿಗೂ ಆ ನೆರಳು ಸಿಕ್ಕಿತ್ತು.

ಮುಂಬಯಿಯಲ್ಲಿ ಮರಾಠಿ ಗಿರಾಕಿಗಳು ಬಡ್ಡಿಗೆ 'ವ್ಯಾಜ' ಎನ್ನುತ್ತಾರೆ. "ವ್ಯಾಜ ಕಿತಿ?" ಎಂದು ಮೊದಲ ದಿನ ಒಬ್ಬ ಮುದುಕಿ ಕೇಳಿದಾಗ ನಾನು ವ್ಯಾಜ್ಯ ಎಂದು ತಿಳಿದು, ಏನು ಜಗಳ ತಂದಳಪ್ಪ ಎಂದು ಗಾಬರಿಯಾಗಿದ್ದೆ. ಸಂಸ್ಕೃತದಲ್ಲಿ ವ್ಯಾಜ ಎಂದರೆ ನೆಪ, ಕಪಟ. ಶಾಲೆಯಲ್ಲಿ ವ್ಯಾಜಸ್ತುತಿ ಅಲಂಕಾರ ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು. ಕಪಟವಿಲ್ಲದ ಪ್ರೀತಿಗೆ ಕನ್ನಡದಲ್ಲೂ ಮರಾಠಿಯಲ್ಲೂ ನಿರ್ವ್ಯಾಜ ಪ್ರೇಮ ಎನ್ನುತ್ತೇವೆ. ಬ್ಯಾಂಕಿನವನ ಕಿವಿಗೆ ಅದು ಬಡ್ಡಿಯಿಲ್ಲದ ಪ್ರೀತಿ ಎಂದೇ ಕೇಳುತ್ತದೆ.

ಹಾಗಾದರೆ ಒಂದು ವಿಷಯದಲ್ಲಿ ಮಾತಾಡಲು ಯೋಗ್ಯ ಯಾರು? ಇಂಟರೆಸ್ಟ್ ಇದ್ದವನೋ, ಇಲ್ಲದವನೋ? ಕಾನೂನಿಗೇ ಇದರಲ್ಲಿ ಎರಡು ಮನಸ್ಸು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಯಾರ ಜೀವದ ಮೇಲೆ ಯಾರು ಬೇಕಾದರೂ ವಿಮೆ ಇಳಿಸಬಹುದಿತ್ತು. ಕಾಯಿಲೆ ಬಿದ್ದ ದೊಡ್ಡ ಮನುಷ್ಯ ಈ ತಿಂಗಳು ಸಾಯುತ್ತಾನೋ ಮುಂದಿನ ತಿಂಗಳೋ ಎಂದು ಜನ ಜೂಜಾಡಿದರು. 1774ರ ಕಾಯಿದೆ, ಆ ಜೀವ ಹೋದರೆ ನಷ್ಟವಾಗುವವನು ಮಾತ್ರ ವಿಮೆ ಮಾಡಿಸಲಿ ಎಂದಿತು. ಇಲ್ಲಿ ಇಂಟರೆಸ್ಟ್ ಇರಲೇಬೇಕು. ಅದೇ ಕಂಪನಿಯ ಆಡಳಿತ ಮಂಡಳಿಯಲ್ಲಿ, ತನಗೆ ಇಂಟರೆಸ್ಟ್ ಇರುವ ವ್ಯವಹಾರ ಚರ್ಚೆಗೆ ಬಂದರೆ ನಿರ್ದೇಶಕ ಅದನ್ನು ಬಾಯಿಬಿಟ್ಟು ಹೇಳಬೇಕು, ಮತ ಹಾಕಬಾರದು. ಇಲ್ಲಿ ಇಂಟರೆಸ್ಟ್ ಇದ್ದರೆ ದೋಷ. ಇನ್ನು ನಮ್ಮ ಸುಪ್ರೀಂ ಕೋರ್ಟು 1981ರಲ್ಲಿ, ಸ್ವಂತಕ್ಕೆ ಏನೂ ನಷ್ಟವಿಲ್ಲದವನೂ ದಿಕ್ಕಿಲ್ಲದವರ ಪರವಾಗಿ ನ್ಯಾಯಾಲಯದ ಬಾಗಿಲು ಬಡಿಯಬಹುದು ಎಂದು ಹೇಳಿತು. ಅದೇ ಇಂದಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿ.

ಗಾಂಧೀಜಿ ಗೀತೆಯ ತಮ್ಮ ಅನುವಾದಕ್ಕೆ 'ಅನಾಸಕ್ತಿಯೋಗ' ಎಂದು ಹೆಸರಿಟ್ಟರು. ಅವರ ಅನಾಸಕ್ತಿ ನಿರಾಸಕ್ತಿಯಲ್ಲ. ಫಲ ನನಗೆ ಬೇಡ ಎನ್ನುವವನಿಗೂ ಕೆಲಸವೇ ನನಗೆ ಬೇಡ ಎನ್ನುವವನಿಗೂ ಅಜಗಜಾಂತರ. ಇಂಗ್ಲಿಷಿನಲ್ಲೂ ಇವಕ್ಕೆ ಎರಡು ಶಬ್ದ ಇವೆ, ಡಿಸ್‌ಇಂಟರೆಸ್ಟೆಡ್, ಅನ್‌ಇಂಟರೆಸ್ಟೆಡ್ ಎಂದು, ಓದಿದವರೂ ಕಲಸಿಬಿಡುತ್ತಾರೆ. ಶಬ್ದ ಕಲಸಿದರೆ ಪರವಾಗಿಲ್ಲ. ಬದುಕಿನಲ್ಲಿ ನಾವೂ ಕಲಸುತ್ತೇವೆ, ಅದೇ ಕಷ್ಟ. ಪರಊರಿನಲ್ಲಿರುವವರಿಗಂತೂ ಇದು ದಿನನಿತ್ಯದ ಪ್ರಶ್ನೆ. ಊರಿಗೂ ಮುಂಬಯಿಗೂ ನಡುವೆ ಇರುವವರು ನಾವು. ಊರಿನ ವಿಷಯದಲ್ಲಿ ನಮಗೆ ಇರುವುದು ಯಾವ ಬಗೆಯ ಇಂಟರೆಸ್ಟು?

2019ರಲ್ಲಿ, ನಾನು ನಿವೃತ್ತನಾದ ವರ್ಷವೇ, ಹಾವೇರಿ ಕಡೆಯ ನಮ್ಮ ಹಳ್ಳಿಯ ಮನೆ ಮತ್ತು ಆರು ಎಕರೆ ಎರೆಹೊಲದಲ್ಲಿ ನನಗೆ ಬರಬೇಕಾದ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟೆ. ಅಪ್ಪ-ಅವ್ವನ ಕೊನೆಗಾಲ ನೋಡಿಕೊಂಡವನು ಅವನು. ಹಕ್ಕು ಖುಲಾಸೆ ಪತ್ರದಲ್ಲಿ ಬರಹಗಾರರು, ಸದರಿ ಸ್ವತ್ತಿನಲ್ಲಿ ನನಗಿದ್ದ ಹಕ್ಕು, ಹಿತಾಸಕ್ತಿ, ಸಂಬಂಧ ಎಲ್ಲವೂ ಇಂದಿನಿಂದ ಇಲ್ಲ ಎಂಬರ್ಥದಲ್ಲಿ ಬರೆದಿದ್ದರು. ನೋಂದಣಿ ಕಚೇರಿಯಲ್ಲಿ ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು, "ಸ್ವಂತ ಇಚ್ಛೆಯಿಂದ ಬರೆದುಕೊಡ್ತಿದ್ದೀರೇನ್ರಿ?" ಎಂದರು. ಹೌದೆಂದೆ. ಹಕ್ಕು ಹೋಯಿತು ಸರಿ, ಸಂಬಂಧವೂ ಇಲ್ಲ ಎಂದು ಓದುವಾಗ ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ.

ಮೂರು ವರ್ಷದ ನಂತರ ಅವನು ಹಳೆಯ ಹಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟ. ಸುದ್ದಿ ಮುಂಬಯಿಯಲ್ಲಿರುವ ನಮ್ಮೂರಿನವರಿಗೆ ನನಗಿಂತ ಮುಂಚೆ ಮುಟ್ಟಿತು! ಒಬ್ಬೊಬ್ಬರದೂ ಫೋನು. ಅಂಥ ಪಡಸಾಲಿ ಮತ್ತ ಸಿಗತದೇನು, ಆ ಸಾಗವಾನಿ ಕಂಬ, ಆ ತೊಟ್ಟಿಲ ಕೊಂಡಿ, ನೀವರೆ ಹೇಳಬಾರದೇನು ಎಂದು. ಹೀಗೆ ಹೇಳಿದವರೆಲ್ಲ ಸಿಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ ಇರುವವರೇ. ಅವರ ನೋವು ಸುಳ್ಳಲ್ಲ. ನನಗೂ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಊರು ನಾವು ಬಿಟ್ಟ ಹಾಗೇ ಇರಲಿ, ಅದರ ಖರ್ಚು ಮಾತ್ರ ಅಲ್ಲಿದ್ದವರು ಹೊರಲಿ ಎನ್ನುವ ಪ್ರೀತಿಗೆ ನಿರ್ವ್ಯಾಜ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ. ಅದು ಬೇರೆಯವರ ಜೀವದ ಮೇಲೆ ವಿಮೆ ಇಳಿಸಿದ ಹಾಗೆ. ಮನೆ ಉಳಿದರೆ ನಮಗೆ ಫೋಟೊ. ಸೋರಿದರೆ ಅವರಿಗೆ ಬೊಗಸೆ ನೀರು.

ಹಾಗೆಂದು ಕಾಗದ ಬರೆದುಕೊಟ್ಟವನು ಸುಮ್ಮನಿರಲಿ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ತಮ್ಮನೇ ಒಪ್ಪಲಿಲ್ಲ. ಕೆಡವುವ ಮುಂಚೆ ಫೋನು ಮಾಡಿದ. ಮಾಡಬೇಕಾದ ಅಗತ್ಯವೇ ಇರಲಿಲ್ಲ.

"ಅಣ್ಣಾ, ಕೆಡವಲೇನು?"

"ನನ್ನನ್ನ ಯಾಕ ಕೇಳ್ತೀಯೋ, ಮನಿ ನಿಂದು."

"ಮನಿ ನಂದು, ಖರೆ. ನೀ ಹುಟ್ಟಿದ ಖೋಲಿ ಅದು. ನೀ ಬ್ಯಾಡ ಅಂದರ ಆ ಒಂದು ಖೋಲಿ ಬಿಟ್ಟು ಕಟ್ಟತೀನಿ. ಆದರ ಅಣ್ಣಾ, ನೀ ಬಂದಾಗ ಎರಡು ದಿನ ಇರ್ತೀ. ಒಮ್ಮೆ ಮಳಿಗಾಲದಾಗ ಬಂದು ನಾಕು ದಿನ ಇದ್ದು ನೋಡು."

ಬೇಡ ಎನ್ನಬಹುದಿತ್ತು. ಆಗ ಅವನು ಒಂದು ಸೋರುವ ಖೋಲಿಯನ್ನು ನನ್ನ ಸಲುವಾಗಿ ಜೀವಮಾನ ಕಾಯುತ್ತಿದ್ದ. ಕೆಡವು ಎಂದೆ. ಆಗ ನನಗೇನು ಹೋಯಿತು ಎಂಬುದು ಖುಲಾಸೆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಅದರಲ್ಲಿ ಬರೆದದ್ದು ಚದರ ಅಡಿ ಮತ್ತು ಚೆಕ್ಕುಬಂದಿ ಮಾತ್ರ. ಆದರೂ ಹೋದದ್ದು ನನ್ನದೇ. ನನ್ನ ಇಂಟರೆಸ್ಟು ಅಲ್ಲಿ ಎಷ್ಟು ಬಾಕಿ ಇತ್ತು ಎಂದು ನನಗೆ ತಿಳಿದದ್ದು ಆ ಫೋನು ಇಟ್ಟ ಮೇಲೆ.

ಕಟ್ಟಡದ ಅರ್ಧದಲ್ಲಿ ಅವನಿಗೆ ದುಡ್ಡು ಸಾಲದೆ ಬಂತು. ನನ್ನ ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿಸಿ ಐದು ಲಕ್ಷ ಕಳಿಸಿದೆ. ಹಾಗೆ ಮುರಿಸಿದರೆ ಬಡ್ಡಿದರ ಕಡಿತ ಎಂದು ಸಾವಿರಾರು ಗಿರಾಕಿಗಳಿಗೆ ಬುದ್ಧಿ ಹೇಳಿದವನು ನಾನೇ. ತಮ್ಮ ಬಡ್ಡಿ ಎಷ್ಟು ಎಂದು ಕೇಳಿದ. ಬಡ್ಡಿ ಇಲ್ಲವೋ ಎಂದೆ. "ಬ್ಯಾಂಕಿನಾಂವಾ ನೀ, ಬಡ್ಡಿ ಬ್ಯಾಡ ಅಂದರ ನಂಬೂದು ಹೆಂಗ?" ಎಂದು ನಕ್ಕ. ಅಸಲನ್ನು ಸುಗ್ಗಿಗೊಂದು ಕಂತಿನ ಹಾಗೆ ತೀರಿಸುತ್ತಿದ್ದಾನೆ. ಮಳೆ ಕೈಕೊಟ್ಟ ವರ್ಷ ಅವನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಆದರೆ ವರ್ಷ ವರ್ಷ ಫೆಬ್ರುವರಿಯ ಹೊತ್ತಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ ಬರುತ್ತದೆ. "ನೋಡ್ರಿ, ನಿಮ್ಮ ಬಡ್ಡಿ ಬಂತು" ಎನ್ನುತ್ತಾಳೆ ನನ್ನ ಹೆಂಡತಿ. ಅಸಲಿನ ಮೇಲೆ ಏನೇ ಬಂದರೂ ಯೂಸುರಾ ಎಂದ ಆ ಪಾದ್ರಿಗಳ ಲೆಕ್ಕದಲ್ಲಿ ನಾನು ಪಾಪಿಯೇ ಆದೇನು. ಈ ಸಲದ್ದು ಐದು ಕಿಲೊ. ನಮ್ಮ ಬಾಲ್ಕನಿಯಲ್ಲಿ ಒಮ್ಮೆಗೆ ಅಷ್ಟನ್ನೂ ಒಣಹಾಕಲು ಜಾಗವಿಲ್ಲದ್ದಕ್ಕೆ ಅರ್ಧ ಚೀಲವನ್ನು ಎದುರುಮನೆಯ ಮರಾಠಿಯವರ ಬಾಲ್ಕನಿಯಲ್ಲಿ ಹರವಿದ್ದೇವೆ.