ದಳವಾಯಿಯ ಕೊಪ್ಪರಿಗೆ

ಹಳೆಯ ಊರೆಂದರೆ ಅಲ್ಲೊಂದು ನಿಧಿ ಇರಲೇಬೇಕು, ನಿಧಿಯಿದ್ದರೆ ಅದನ್ನು ಕಾಯಲು ದೆವ್ವವೋ ಸರ್ಪವೋ ಇರಲೇಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ನಂಜನಗೂಡಿನ ಪಕ್ಕದ ಕಳಲೆಯಂಥ ಊರಿಗಂತೂ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರದು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ದೇವರಾಜಯ್ಯ, ನಂಜರಾಜಯ್ಯ ಎಂಬ ಅಣ್ಣತಮ್ಮಂದಿರ ಮಾತೇ ರಾಜ್ಯದಲ್ಲಿ ನಡೆಯುತ್ತಿತ್ತು, ಅರಸರು ಹೆಸರಿಗಷ್ಟೇ. ಅಂಥವರ ಊರಲ್ಲಿ ಒಂದು ಕೊಪ್ಪರಿಗೆ ಹೊನ್ನಾದರೂ ಹೂತಿರಬೇಡವೇ ಎಂದು ಹುಡುಗರು ಕೇಳಿದರೆ ತಪ್ಪೇನಿಲ್ಲ.

ಮಕ್ಕಳ ಪತ್ತೇದಾರಿ ಕತೆಗಳಲ್ಲಿ ದೆವ್ವದ ಗುಟ್ಟು ಸಾಮಾನ್ಯವಾಗಿ ಒಂದೇ: ಕೊನೆಗೆ ಬಿಳಿ ಪಂಚೆಯೊಳಗಿಂದ ಯಾರೋ ಪರಿಚಯದವರೇ ಹೊರಬರುತ್ತಾರೆ. ಈ ದೆವ್ವದಿಂದ ಲಾಭ ಯಾರಿಗೆ ಎಂದು ಹುಡುಗರು ಕೇಳಿರುತ್ತಾರೆ, ಅದಕ್ಕೇ ಸಿಕ್ಕಿಬೀಳುತ್ತದೆ. ದೊಡ್ಡವರಾದ ನಮಗೆ ಆ ಪ್ರಶ್ನೆ ಬೇಗ ಹೊಳೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸಿದವರು ನಾವು. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ಈಗಿನ ಕಾಲದಲ್ಲಿ ಅಂಥದು ಸಿಕ್ಕರೆ ಬರಮಾಡಿಕೊಂಡು ಕಾಫಿ ಕೊಡಬೇಕು.

ಕಳಲೆಯ ಹೊನ್ನಿನ ಜಾಡು ಹಿಡಿಯಲು ಹಾರೆ ಗುದ್ದಲಿ ಬೇಕಿಲ್ಲ, ಚರಿತ್ರೆಯ ಪುಸ್ತಕ ಸಾಕು. ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುತ್ತೇನೆಂದು ಆರ್ಕಾಟಿನ ಮಹಮ್ಮದಾಲಿ ಕೊಟ್ಟ ಮಾತು ನಂಬಿ ನಂಜರಾಜಯ್ಯ ದಂಡೆತ್ತಿ ಹೋದ. ವರ್ಷಗಟ್ಟಲೆ ಅಲ್ಲೇ ಕೂತ. ಊರು ಸಿಗಲಿಲ್ಲ, ಬೊಕ್ಕಸ ಬರಿದಾಯಿತು. ಇತ್ತ 1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚರ ಬುಸ್ಸಿಯನ್ನು ಜೊತೆಗೆ ಕಟ್ಟಿಕೊಂಡು ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ಕೇಳಿದ್ದು 56 ಲಕ್ಷ ರೂಪಾಯಿ. ದೇವರಾಜಯ್ಯ ದೇವಸ್ಥಾನಗಳ ಒಡವೆ, ಪಾತ್ರೆಗಳನ್ನೂ ಬಿಡದೆ ಒಟ್ಟುಮಾಡಿದ. ಆದರೂ ಪೂರ್ತಿ ಮೊತ್ತ ಕೂಡಲಿಲ್ಲ. 1758ರಲ್ಲಿ ನಂಜರಾಜಯ್ಯನ ಬಾಗಿಲಲ್ಲಿ ಸ್ವಂತ ಸಿಪಾಯಿಗಳೇ ಸಂಬಳದ ಬಾಕಿಗಾಗಿ ಧರಣಿ ಕೂತರು. ಅವನ ಕೈಕೆಳಗೆ ಮೇಲೆ ಬಂದ ಹೈದರಾಲಿ ನಡುವೆ ಬಂದು ಅದನ್ನು ತೀರಿಸಬೇಕಾಯಿತು. ಸಂಸ್ಥಾನ ಯಾರ ಕೈಗೆ ಹೋಗಲಿದೆ ಎಂಬುದು ಅಂದೇ ಆ ಬಾಗಿಲಲ್ಲಿ ಕಾಣುತ್ತಿತ್ತು.

ಹಾಗಾಗಿ ದಳವಾಯಿಯ ದೆವ್ವವೆಂಬುದು ಇದ್ದದ್ದೇ ಆದರೆ ಅದು ಕೊಪ್ಪರಿಗೆ ಕಾಯುತ್ತ ಕೂತಿರಲಾರದು. ಬಾಕಿ ಕೇಳುವ ಸಿಪಾಯಿಗಳ ದೆವ್ವಗಳ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದೀತು.

ನಗುವ ಮಾತೇನೋ ಹೌದು. ಆದರೆ ಇದೇ ಕೊಪ್ಪರಿಗೆಯ ಆಸೆಗೆ ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಹೋಗಿ ಪಾಳುಗುಡಿಗಳ ನಂದಿಯ ಅಡಿ ಅಗೆಯುವವರು ನಾಡಿನ ಎಲ್ಲ ಕಡೆ ಇದ್ದಾರೆ. ಊರವರು ಹೆದರಿ ಆ ಕಡೆ ಸುಳಿಯದಿದ್ದರೆ ಅವರಿಗೆ ಅನುಕೂಲ. ದೆವ್ವದ ಲಾಭ ಯಾರಿಗೆ ಎಂಬುದಕ್ಕೆ ಇಷ್ಟು ಉತ್ತರ ಸಾಕು. ಅವರು ಒಡೆದುಹಾಕುವ ಕಲ್ಲಿಗೆ ಬೆಲೆ ಕಟ್ಟುವವರಿಲ್ಲ.

ಕಳಲೆಯಲ್ಲಿ ಉಳಿದಿರುವ ಆಸ್ತಿ ಕಣ್ಣೆದುರಿಗೇ ಇದೆ. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನಕ್ಕೆ ಮಕ್ಕಳನ್ನು ಹಗಲು ಹೊತ್ತಿನಲ್ಲಿ ಕರೆದುಕೊಂಡು ಹೋಗಿ. ನಂಜನಗೂಡು ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚಾಗಿವೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ. ಪತ್ತೇದಾರಿಕೆ ಅಲ್ಲಿಂದ ಶುರುವಾಗಲಿ. ಇನ್ನು ಪಾಯ ತೋಡುವಾಗ ನಿಜವಾಗಿಯೂ ಏನಾದರೂ ಸಿಕ್ಕಿತೆನ್ನಿ, ಮಂತ್ರವಾದಿಯ ಹತ್ತಿರ ಓಡಬೇಡಿ, ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಕಾನೂನು ಹೇಳುವುದೂ ಅದನ್ನೇ.