ತಿದ್ದಿದ ಸಾಕ್ಷ್ಯ

ಕಂಡದ್ದನ್ನು ಕಂಡಂತೆ ಹೇಳುವುದೇ ಸಾಕ್ಷಿಯ ಧರ್ಮವೆಂದು ಲೋಕವು ನಂಬಿರುವುದು. ಹಾಗಾದರೆ ಸಾಕ್ಷಿಯು ಹೇಳಿದ ಸಂಖ್ಯೆಯನ್ನು ಇನ್ನೊಬ್ಬನು ಅರ್ಧಕ್ಕಿಳಿಸಿ, ಇದೇ ನಿಜವೆಂದು ಸಾರಿದರೆ ಅದು ಸತ್ಯವೆನಿಸೀತೆ? ಈ ಪ್ರಶ್ನೆಯು ಈಗ ನ್ಯಾಯಸ್ಥಾನವನ್ನು ಬಿಟ್ಟು ನಡುಗಡಲಿನಲ್ಲಿಯೂ ಹುಟ್ಟಿರುವುದು.

ಆರ್ಗೋ ಎಂಬ ತೇಲುಯಂತ್ರಗಳು ನಾವಿಕರಿಲ್ಲದೆ ಸಮುದ್ರಗಳಲ್ಲಿ ಸಂಚರಿಸುತ್ತಿರುವುವು. ಇವು ಸಾಮಾನ್ಯವಾಗಿ 1000 ಮೀಟರ್ ಆಳದಲ್ಲಿ ತೇಲಿಕೊಂಡಿದ್ದು, ಸುಮಾರು 10 ದಿನಕ್ಕೊಮ್ಮೆ 2000 ಮೀಟರಿಗಿಳಿದು, ಅಲ್ಲಿಂದ ಏರುತ್ತ ನೀರನ್ನು ಅಳೆದು, ಉಪಗ್ರಹದ ಮೂಲಕ ವರದಿಯನ್ನೊಪ್ಪಿಸಿ ಮತ್ತೆ ಮುಳುಗುವುವು. ಕೆಲವಕ್ಕೆ ಪತ್ರಹರಿತ್ತನ್ನು ಅಳೆಯುವ ಬೆಳಕಿನ ಕಣ್ಣೂ ಉಂಟು. ಕಡಲಿನಲ್ಲಿ ಸೂಕ್ಷ್ಮಸಸ್ಯಗಳೆಷ್ಟೆಂಬುದನ್ನು ಪತ್ರಹರಿತ್ತಿನಿಂದಲೇ ಊಹಿಸುವರು. ಮೀನಿನ ಆಹಾರವೂ ಕಡಲು ಹೀರುವ ಇಂಗಾಲದ ಲೆಕ್ಕವೂ ಆ ಸಸ್ಯಗಳನ್ನು ಆಶ್ರಯಿಸಿರುವುದರಿಂದ ಇಲ್ಲಿಯ ತಪ್ಪು ಸಣ್ಣದಲ್ಲ.

ಆ ಕಣ್ಣು ಪತ್ರಹರಿತ್ತನ್ನು ನೇರವಾಗಿ ಕಾಣದು. 470 ನ್ಯಾನೋಮೀಟರಿನ ನೀಲಿ ಬೆಳಕನ್ನು ನೀರಿಗೆ ಬೀರಿ, 695ರ ಸುಮಾರಿನಲ್ಲಿ ಮರಳುವ ಕೆಂಪು ಹೊಳಪನ್ನು ಅಳೆಯುವುದು. ತಾರ್ಕಿಕರ ಮಾತಿನಲ್ಲಿ ಇದು ಪ್ರತ್ಯಕ್ಷವಲ್ಲ, ಅನುಮಾನ. ಹೊಳಪು ಹೊಗೆ, ಪತ್ರಹರಿತ್ತು ಬೆಂಕಿ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಅದಕ್ಕೆ ಹಸಿ ಸೌದೆಯೆಂಬ ಉಪಾಧಿ ಬೇಕೆಂಬುದನ್ನು ತರ್ಕಸಂಗ್ರಹವನ್ನೋದಿದ ಬಾಲಕನೂ ಬಲ್ಲನು. ನಡುಹಗಲಿನಲ್ಲಿ ಮೇಲುನೀರಿನ ಸಸ್ಯಗಳು ಮಿತಿಮೀರಿದ ಬಿಸಿಲನ್ನು ಶಾಖವಾಗಿ ಕಳೆದುಕೊಳ್ಳುವುದರಿಂದ ಹೊಳಪು ತಗ್ಗುವುದು. ಪತ್ರಹರಿತ್ತು ಮಾತ್ರ ಇದ್ದಷ್ಟೇ ಇರುವುದು. ಇದು ಹೊಗೆಯಿಲ್ಲದ ಬೆಂಕಿ. ಕಪ್ಪು ಸಮುದ್ರದ ಆಳದಲ್ಲಾದರೋ ಸಸ್ಯಗಳು ಬದುಕಲು ಬೆಳಕೇ ಇಲ್ಲ; ಆದರೂ ನೀರಿನಲ್ಲಿ ಕರಗಿದ ಸಾವಯವ ದ್ರವ್ಯವು ಹೊಳೆದು ಯಂತ್ರವನ್ನು ವಂಚಿಸುವುದು, ಮಂಜನ್ನು ಹೊಗೆಯೆಂದು ಬಗೆದಂತೆ. ಇಷ್ಟು ಸಾಲದೆಂಬಂತೆ, 2017ರಲ್ಲಿ ಕಾಲಿನ್ ರೋಸ್ಲರ್ ಎಂಬ ವಿದುಷಿಯೂ ಸಂಗಡಿಗರೂ ನೀರಿನ ಮಾದರಿಗಳೊಡನೆ ಹೋಲಿಸಿ, ಬಹುವಾಗಿ ಬಳಕೆಯಲ್ಲಿರುವ ಒಂದು ಜಾತಿಯ ಸಂವೇದಕಗಳು ಸರಾಸರಿಯಲ್ಲಿ ನಿಜದ ಎರಡರಷ್ಟನ್ನು ಹೇಳುತ್ತಿರುವುವೆಂದು ತೋರಿಸಿದರು.

ಆದುದರಿಂದ ಸಂಖ್ಯೆಯನ್ನು ಎರಡರಿಂದ ಭಾಗಿಸುವರು. ಹಗಲಿನ ಹೊಳಪಿಗೆ, ನೀರು ಚೆನ್ನಾಗಿ ಕಲೆತಿರುವ ಮೇಲುಪದರದೊಳಗೆ ಅತ್ಯಧಿಕವಾಗಿ ಕಂಡ ಸಂಖ್ಯೆಯನ್ನೇ ಅಲ್ಲಿಂದ ಮೇಲ್ಮೈಯವರೆಗೂ ಹಚ್ಚುವರು. ಯಂತ್ರವು ಹೇಳದಿದ್ದುದನ್ನು ಅದರ ಬಾಯಲ್ಲಿಟ್ಟಂತಾಗಲಿಲ್ಲವೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಹಗುರವಾದುದಲ್ಲ. ಆದರೆ ತಾಳೆಗರಿಯ ಪ್ರತಿಗಳನ್ನು ಶೋಧಿಸುವವನ ರೀತಿಯನ್ನು ನೆನೆಯಬೇಕು. ಅಶುದ್ಧವೆಂದು ಕಂಡ ಪಾಠವನ್ನು ಅವನು ತಿದ್ದುವನು. ಮೂಲದ ಪಾಠವನ್ನು ಅಡಿಯಲ್ಲಿ ಕೊಡುವನು. ಕೇಡು ಮಾಡಿದವನು ಸದ್ದಿಲ್ಲದೆ ತಿದ್ದಿ ಹಳೆಯದನ್ನು ಹೆರೆದುಹಾಕಿದ ಲಿಪಿಕಾರನು. ಆರ್ಗೋ ಭಂಡಾರದಲ್ಲಿ ಯಂತ್ರದ ಮೊದಲ ಸಂಖ್ಯೆ, ತಿದ್ದಿದ ಸಂಖ್ಯೆ, ಎಷ್ಟು ನಂಬಬಹುದೆಂಬ ಗುರುತು, ಮೂರೂ ಜೊತೆಯಾಗಿ ಉಳಿದಿರುವುವು. ಶೋಧಕನ ಧರ್ಮಕ್ಕೆ ಇದು ಒಪ್ಪುವುದು.

ಒಪ್ಪದುದು ಒಂದುಂಟು. ಎರಡೆಂಬುದು ಸಮಸ್ತ ಲೋಕದ ಸರಾಸರಿ. ಅಂಟಾರ್ಕ್ಟಿಕವನ್ನು ಸುತ್ತಿದ ದಕ್ಷಿಣ ಸಮುದ್ರದಲ್ಲಿ ಯಂತ್ರದ ಅತಿಶಯೋಕ್ತಿಯು ಇದಕ್ಕಿಂತ ಬಹಳ ಹೆಚ್ಚು. ಊರಿನ ಸರಾಸರಿ ಅಪರಾಧಕ್ಕೆ ತಕ್ಕಂತೆ ಒಬ್ಬೊಬ್ಬನನ್ನೂ ದಂಡಿಸುವ ನ್ಯಾಯಾಧೀಶನಿದ್ದರೆ ಅವನನ್ನು ಯಾರು ಮೆಚ್ಚುವರು? ಆಯಾ ಕಡಲಿಗೆ ಆಯಾ ಅಂಶವನ್ನು ಹುಡುಕಬೇಕು. ಅದಕ್ಕೆ ಹಡಗಿನಿಂದ ನೀರನ್ನೆತ್ತಿ ಶೋಧಿಸುವ ಹಳೆಯ ಶ್ರಮವೇ ಬೇಕು. ಯಂತ್ರವನ್ನಾದರೋ ಕರೆದು ಕೇಳುವಂತಿಲ್ಲ. ಶಕ್ತಿ ಮುಗಿದ ಆರ್ಗೋ ಸಾಮಾನ್ಯವಾಗಿ ಕಡಲಲ್ಲೇ ಉಳಿಯುವುದು. ಮರುವಿಚಾರಣೆಗೆ ಸಿಕ್ಕುವುದು ಭಂಡಾರದಲ್ಲಿ ತಿದ್ದದೆ ಇಟ್ಟಿರುವ ಆ ಮೊದಲ ಸಂಖ್ಯೆಯೊಂದೆ.