ಚೆನ್ನಾಗಿ ನಿದ್ದೆ ಬಂದ ರಾತ್ರಿ

2023ರ ಜುಲೈ ತಿಂಗಳ ಒಂದು ಸಂಜೆ ನಾನಕ್‌ರಾಮ್‌ಗೂಡದ ಆಫೀಸಿನಿಂದ ಮಿಯಾಪುರದ ಮನೆಗೆ ಬರಲು ನನಗೆ ಎರಡು ಗಂಟೆ ಹಿಡಿಯಿತು. ಹೈದರಾಬಾದಿನಲ್ಲಿ ಇರುವವರಿಗೆ ಇದೇನೂ ವಿಶೇಷವಲ್ಲ. ಆ ತಿಂಗಳು ಮಳೆ ಹಾಗೆ ಹೊಡೆದಿತ್ತು. ಕೊತ್ತಗೂಡ ಜಂಕ್ಷನ್ನಿನಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ಕಾರಿನಲ್ಲಿ ಪರ್ವಾಜ್ ಎಂಬ ಬೆಂಗಳೂರಿನ ಬ್ಯಾಂಡಿನ ‘ಬಾರಾನ್’ ಆಲ್ಬಮ್ ಹಾಕಿಕೊಂಡಿದ್ದೆ. ಅದು ಒಂದು ಸಲ ಮುಗಿದು ಮತ್ತೆ ಮೊದಲಿನಿಂದ ಶುರುವಾಗಿತ್ತು. ಎರಡನೇ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಕಣ್ಣು ತುಂಬಿ ಬಂತು. ವೈಪರ್ ಆಡುತ್ತಿತ್ತು, ನಾನು ಅಳುತ್ತಿದ್ದೆ. ಮನೆಗೆ ಬಂದು ಊಟ ಮಾಡಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಆ ನಿದ್ದೆಯ ಬಗ್ಗೆಯೇ ಈ ಬರಹ. ಯಾಕೆಂದರೆ ಅವತ್ತು ಮಧ್ಯಾಹ್ನ ನಾನು ನನ್ನ ಟೀಮಿನ ಒಬ್ಬ ಹುಡುಗನನ್ನು ಕೆಲಸದಿಂದ ತೆಗೆದಿದ್ದೆ.

ನಮ್ಮ ಕಸುಬಿನಲ್ಲಿ ‘ತೆಗೆದೆ’ ಅನ್ನುವುದಿಲ್ಲ. ‘ರಿಲೀಸ್ ಆಯಿತು’ ಅನ್ನುತ್ತೇವೆ, ‘ಪ್ರಾಜೆಕ್ಟ್ ರ್‍ಯಾಂಪ್ ಡೌನ್ ಆಗುತ್ತಿದೆ’ ಅನ್ನುತ್ತೇವೆ. ಮೇಲಿನಿಂದ ಸಂಖ್ಯೆ ಬಂದಿತ್ತು: ಮೂರು ಜನ. ಹೆಸರು ಕೊಡಬೇಕಾದವನು ನಾನು. ಎಕ್ಸೆಲ್ ಶೀಟಿನಲ್ಲಿ ಹೆಸರು, ಸ್ಕಿಲ್, ರೇಟಿಂಗ್, ಬಿಲ್ಲಿಂಗ್ ಪರ್ಸೆಂಟ್ ಎಲ್ಲಕ್ಕೂ ಕಾಲಂ ಇತ್ತು. ಕೊನೆಯದು ರಿಮಾರ್ಕ್ಸ್. ಈ ಹುಡುಗ ಬೀದರಿನವನು. ಅವನ ಬಿಲ್ಲಿಂಗ್ ಕಡಿಮೆಯಾಗಿದ್ದು ತಾಯಿಯ ಡಯಾಲಿಸಿಸ್‌ಗೆಂದು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋಗಿದ್ದರಿಂದ. ಆ ರಜೆಗೆ ಸಹಿ ಹಾಕಿದವನೇ ನಾನು. ಅದನ್ನು ರಿಮಾರ್ಕ್ಸ್ ಕಾಲಮ್ಮಿನಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆದಿದ್ದರೆ ಮೇಲಿನವರು ಪ್ರಶ್ನೆ ಕೇಳುತ್ತಿದ್ದರು, ಇನ್ನೊಬ್ಬರ ಹೆಸರು ಹುಡುಕಬೇಕಾಗುತ್ತಿತ್ತು, ಆ ಇನ್ನೊಬ್ಬರ ಪರವಾಗಿಯೂ ಏನಾದರೂ ಇದ್ದೇ ಇರುತ್ತಿತ್ತು. ಖಾಲಿ ಬಿಟ್ಟೆ.

ಎಚ್‌ಆರ್‌ನವರನ್ನು ಜೊತೆಗಿಟ್ಟುಕೊಂಡು ಹದಿನೈದು ನಿಮಿಷದ ಕಾಲ್. ಅವನು ಹೆಚ್ಚೇನೂ ಕೇಳಲಿಲ್ಲ. ಲ್ಯಾಪ್‌ಟಾಪ್ ಯಾರಿಗೆ ಕೊಡಬೇಕು ಅಂತ ಕೇಳಿದ.

‘ಬಾರಾನ್’ ನನಗೆ ಪರಿಚಯ ಮಾಡಿಸಿದ್ದೂ ಅವನೇ. ಹಿಂದಿನ ವರ್ಷ ಕ್ಯಾಂಟೀನಿನಲ್ಲಿ ಕೂತಾಗ ಫೋನಿನಲ್ಲಿ ಲಿಂಕ್ ಕಳಿಸಿ, “ಬಾರಾನ್ ಅಂದ್ರ ಮಳಿ ಸರ್. ಹೆಡ್‌ಫೋನ್ ಹಾಕ್ಕೊಂಡೇ ಕೇಳ್ರಿ” ಅಂದಿದ್ದ. ಪರ್ವಾಜ್ 2010ರ ಹೊತ್ತಿಗೆ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಡ್. ಮುಖ್ಯ ಗಾಯಕ ಖಾಲಿದ್ ಅಹಮದ್ ಕಾಶ್ಮೀರದವರು. ಹಾಡುಗಳು ಉರ್ದು ಮತ್ತು ಕಾಶ್ಮೀರಿಯಲ್ಲಿ. ‘ಬಾರಾನ್’ ಬಂದದ್ದು 2014ರಲ್ಲಿ. ನಾನು ದಾವಣಗೆರೆ ಕಡೆಯವನು. ಈ ಊರಿಗೆ ಬಂದು ಹದಿನಾರು ವರ್ಷವಾದರೂ ನನ್ನ ಉರ್ದು ಆಟೋದವರ ಹತ್ತಿರ ‘ಹೌ’, ‘ನಕ್ಕೋ’ ಅನ್ನುವಷ್ಟಕ್ಕೇ ನಿಂತಿದೆ. ಕಾಶ್ಮೀರಿಯಂತೂ ಒಂದು ಪದವೂ ಗೊತ್ತಿಲ್ಲ. ಆದರೂ ಆ ಆಲ್ಬಮ್ ಹಿಡಿದುಕೊಂಡಿತು. ಗಿಟಾರು ಅವಸರವಿಲ್ಲದೆ ಶುರುವಾಗುತ್ತದೆ, ದನಿ ಎಲ್ಲೋ ದೂರದಿಂದ ಬರುತ್ತದೆ, ಡ್ರಮ್ಸ್ ತಡವಾಗಿ ಸೇರಿಕೊಳ್ಳುತ್ತದೆ. ಕೇಳುತ್ತ ಕೇಳುತ್ತ ಹಾಡಿನ ಎದುರಿಗೆ ಕೂತಿದ್ದವರು ಹಾಡಿನ ಒಳಗಿರುತ್ತೇವೆ. ಈಗಿನ ಹುಡುಗರು ಇದನ್ನು ‘ವೈಬ್’ ಅನ್ನುತ್ತಾರೆ.

ಹೀಗಾಗುವುದಕ್ಕೆ ಕಾರಣ ಅಷ್ಟೇನೂ ನಿಗೂಢವಲ್ಲ. ಎಂ.ಟೆಕ್‌ನಲ್ಲಿ ನಾನು ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಈ ಬಗೆಯ ಸಂಗೀತದಲ್ಲಿ ರಿವರ್ಬ್ ಮತ್ತು ಡಿಲೇ ಧಾರಾಳವಾಗಿ ಬಳಸುತ್ತಾರೆ. ದನಿ ಗೋಡೆಗೆ ಬಡಿದು ಹಿಂತಿರುಗುವುದನ್ನು ಕಿವಿ ಲೆಕ್ಕ ಹಾಕಿ, ಇದು ದೊಡ್ಡ ಜಾಗ, ಹಾಡುವವನು ದೂರದಲ್ಲಿದ್ದಾನೆ ಎಂದು ತಿಳಿಯುತ್ತದೆ. ಇನ್ನೊಂದು ಪರಿಣಾಮವೂ ಇದೆ. ಸ್ವರಗಳು ಉದ್ದವಾದವು, ಪ್ರತಿಧ್ವನಿಯಲ್ಲೂ ಉಳಿಯುತ್ತವೆ. ವ್ಯಂಜನಗಳು ಚಿಕ್ಕವು, ಚೂಪಾದವು. ಹಿಂದಿನ ಅಕ್ಷರದ ಬಾಲ ಬಂದು ಅವುಗಳನ್ನು ಮುಚ್ಚಿಬಿಡುತ್ತದೆ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಹೆಚ್ಚಾಗಿ ವ್ಯಂಜನ. ಅದು ಮಸುಕಾದಾಗ ಭಾವ ಉಳಿಯುತ್ತದೆ, ಯಾರು ಯಾರಿಗೆ ಏನು ಹೇಳಿದರು ಎಂಬುದು ಹೋಗುತ್ತದೆ. ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಲ್ ಗುಂಬಜ್ ಹತ್ತಿದವರಿಗೆ ಇದು ಗೊತ್ತಿರುತ್ತದೆ. ಗ್ಯಾಲರಿಯಲ್ಲಿ ನಿಂತು ನಮ್ಮ ನಮ್ಮ ಹೆಸರು ಕೂಗುತ್ತಿದ್ದೆವು. ಹೆಸರು ತಿರುಗಿ ತಿರುಗಿ ಬರುತ್ತಿತ್ತು. ಐದಾರು ಸುತ್ತು ಆಗುವಷ್ಟರಲ್ಲಿ ಅದು ಯಾರ ಹೆಸರು ಅಂತಲೇ ತಿಳಿಯುತ್ತಿರಲಿಲ್ಲ.

ಇದನ್ನು ಕೊನೆಯವರೆಗೂ ಒಯ್ದವರು ಐಸ್‌ಲ್ಯಾಂಡಿನ ಸಿಗುರ್ ರೋಸ್ ಬ್ಯಾಂಡಿನವರು. 2002ರಲ್ಲಿ ಅವರು ತಂದ ಆಲ್ಬಮ್ಮಿಗೆ ಹೆಸರೇ ಇಲ್ಲ, ಎರಡು ಆವರಣ ಚಿಹ್ನೆ ಅಷ್ಟೆ. ಎಂಟು ಹಾಡುಗಳು, ಅವಕ್ಕೂ ಹೆಸರಿಲ್ಲ. ಹಾಡಿರುವುದು ಅರ್ಥವೇ ಇಲ್ಲದ ಉಚ್ಚಾರಗಳನ್ನು. ಜೊತೆಗೆ ಕೊಟ್ಟ ಪುಸ್ತಿಕೆಯ ಹಾಳೆಗಳು ಖಾಲಿ. ಕೇಳುಗರು ತಮಗೆ ಅನಿಸಿದ್ದನ್ನು ಅಲ್ಲಿ ಬರೆದುಕೊಳ್ಳಲಿ ಎಂದು. ಪರ್ವಾಜ್ ಹಾಗಲ್ಲ, ಅವರ ಪದಗಳಿಗೆ ಅರ್ಥವಿದೆ. ಅರ್ಥ ಗೊತ್ತಿಲ್ಲದ ನಾನು ಆ ಪದಗಳನ್ನೂ ಖಾಲಿ ಹಾಳೆ ಮಾಡಿಕೊಂಡಿದ್ದೆ. ಆ ಸಂಜೆ ಅದರ ಮೇಲೆ ನನ್ನ ದುಃಖ ಬರೆದುಕೊಂಡೆ. ಬಹಳ ಚೆನ್ನಾಗಿತ್ತು.

ಆದರೆ ಅದು ಯಾರ ದುಃಖ?

ನಮ್ಮ ಕಾವ್ಯಮೀಮಾಂಸೆಯವರಿಗೆ ಈ ಪ್ರಶ್ನೆ ಹಳೆಯದು. ಕರುಣರಸದ ನಾಟಕ ನೋಡಿ ಅಳುವವನಿಗೆ ಅದರಲ್ಲೇ ಸುಖ ಸಿಗುವುದು ಹೇಗೆ? ಭಟ್ಟನಾಯಕ ಇದಕ್ಕೆ ಸಾಧಾರಣೀಕರಣ ಎಂಬ ಮಾತು ಹೇಳಿದ. ರಂಗದ ಮೇಲಿನ ರಾಮನ ಶೋಕ ಅಲ್ಲಿ ರಾಮನದಾಗಿ ಉಳಿಯುವುದಿಲ್ಲ, ನೋಡುವವನದೂ ಆಗುವುದಿಲ್ಲ. ಯಾರೊಬ್ಬರಿಗೂ ಸೇರದ್ದರಿಂದಲೇ ಅದನ್ನು ಸವಿಯಬಹುದು. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ಈ ವಿಚಾರವನ್ನು ಮುಂದುವರಿಸಿ, ರಸಾನುಭವಕ್ಕೆ ಬರುವ ವಿಘ್ನಗಳನ್ನು ಎಣಿಸಿದ್ದಾನೆ. ನಮ್ಮ ಸ್ವಂತ ಸುಖದುಃಖದಲ್ಲೇ ಮುಳುಗಿರುವುದು ಅವುಗಳಲ್ಲೊಂದು. ಮಗ ಜ್ವರದಲ್ಲಿ ಮಲಗಿರುವಾಗ ನಾಟಕಕ್ಕೆ ಹೋದವನಿಗೆ ನಾಟಕ ಹತ್ತುವುದಿಲ್ಲ.

ಹಾಗಾದರೆ ಅವತ್ತು ಕಾರಿನಲ್ಲಿ ನನಗೆ ಸಂಗೀತ ಹತ್ತಬಾರದಿತ್ತು. ಎದೆಯ ಮೇಲೆ ಒಂದು ತಪ್ಪು ಕೂತಿತ್ತು. ಆದರೂ ಹತ್ತಿತು, ಎಂದಿಗಿಂತ ಹೆಚ್ಚಾಗಿಯೇ ಹತ್ತಿತು. ಹೇಗೆ ಎಂದು ಆಮೇಲೆ ಹೊಳೆಯಿತು. ನಾನು ಸಾಧಾರಣೀಕರಿಸಿದ್ದು ಖಾಲಿದ್ ಅವರ ಹಾಡನ್ನಲ್ಲ, ನನ್ನ ಕೆಲಸವನ್ನು. ಕಾರು ಹತ್ತುವಾಗ ಮನಸ್ಸಿನಲ್ಲಿದ್ದ ವಾಕ್ಯ, “ನಾನು ಅವನ ಕೆಲಸ ತೆಗೆದೆ.” ಗಚ್ಚಿಬೌಲಿ ಬರುವಷ್ಟರಲ್ಲಿ, “ಅವನ ಕೆಲಸ ಹೋಯಿತು.” ಮಿಯಾಪುರ ಮುಟ್ಟುವಾಗ, “ಬದುಕೇ ಹೀಗೆ.” ಮೊದಲನೆಯದರಲ್ಲಿ ಕರ್ತೃಪದ ಇತ್ತು. ಎರಡನೆಯದರಲ್ಲಿ ನಾನಿಲ್ಲ. ಮೂರನೆಯದರಲ್ಲಿ ಅವನೂ ಇಲ್ಲ. ಆಫೀಸಿನ ‘ರಿಲೀಸ್ ಆಯಿತು’ ಮಾಡುವ ಕೆಲಸವೂ ಇದೇ. ಅದು ಒಣಗಿದ ಮಾತು, ಇದು ಒದ್ದೆ ಮಾತು. ಅಷ್ಟೇ ವ್ಯತ್ಯಾಸ.

ಕಲೆ ದುಃಖದಿಂದ ಹೆಸರನ್ನು ತೆಗೆಯುತ್ತದೆ. ಅದು ಕಲೆಯ ಉಪಕಾರ. ಇಲ್ಲದಿದ್ದರೆ ಕಾಶ್ಮೀರದ ದನಿಯೊಂದು ದಾವಣಗೆರೆಯವನಿಗೆ ತಾಗುತ್ತಲೇ ಇರಲಿಲ್ಲ. ಆದರೆ ತಪ್ಪಿಗೆ ಹೆಸರು ಬೇಕು. ಯಾರು ಮಾಡಿದ್ದು, ಯಾರಿಗೆ, ಯಾವ ಕಾಲಂ ಖಾಲಿ ಬಿಟ್ಟು, ಎಲ್ಲ ಬೇಕು. ಹೆಸರು ಹೋದ ತಪ್ಪನ್ನು ತಿದ್ದುವುದಕ್ಕೆ ಬರುವುದಿಲ್ಲ, ಅದಕ್ಕಾಗಿ ಅಳಬಹುದು ಅಷ್ಟೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, “ಹಾಡು ಪಾಪ ಏನು ಮಾಡ್ತು? ನೀವು ಫೋನ್ ಮಾಡದೇ ಇದ್ದಿದ್ದಕ್ಕೆ ಅದಕ್ಕೆ ಯಾಕೆ ಬೈತೀರಿ?” ಅಂದಳು. ಸರಿಯಾದ ಮಾತು. ಇಡೀ ದಿನ ಶೀಟಿನ ಭಾಷೆಯಲ್ಲಿ ಮರಗಟ್ಟಿದ್ದ ಮನಸ್ಸನ್ನು ಸಡಿಲ ಮಾಡಿದ್ದು ಆ ಹಾಡೇ. ಅದಿಲ್ಲದಿದ್ದರೆ ನಾನು ಅಳುತ್ತಲೂ ಇರಲಿಲ್ಲವೇನೋ. ಅತ್ತದ್ದು ತಪ್ಪಲ್ಲ. ಅತ್ತಾಯಿತಲ್ಲ, ಇನ್ನು ಮುಗಿಯಿತು ಎಂದುಕೊಂಡದ್ದು ತಪ್ಪು. ಅಳು ಬಂದದ್ದನ್ನೇ ನನ್ನ ಒಳ್ಳೆಯತನಕ್ಕೆ ಸಾಕ್ಷಿ ಮಾಡಿಕೊಂಡು ಮಲಗಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಅವನ ಮೆಸೇಜ್ ಇತ್ತು, ರಾತ್ರಿಯೇ ಬಂದದ್ದು: “ಸರ್, ರಿಲೀವಿಂಗ್ ಲೆಟರ್ ಯಾವಾಗ ಬರ್ತದ್ರಿ?” ನಾನು ಕಾರಿನಲ್ಲಿ ಅತ್ತದ್ದರಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಕಾಗದ.

ಗೋಲ್ಕೊಂಡ ಕೋಟೆಗೆ ಒಮ್ಮೆ ಟೀಮಿನವರೆಲ್ಲ ಹೋಗಿದ್ದೆವು. ಫತೇ ದರ್ವಾಜಾದ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರು ಆಚೆ, ಬಾಲಾ ಹಿಸಾರಿನ ತುದಿಯಲ್ಲಿ ಕೇಳಿಸುತ್ತದೆ. ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದು ಮೇಲಿನವರಿಗೆ ತಿಳಿಯಲಿ ಎಂಬುದಕ್ಕೆ ಆ ವ್ಯವಸ್ಥೆ ಎನ್ನುತ್ತಾರೆ. ಗುಂಬಜಿನಂತೆ ಇದೂ ಕಲ್ಲಿನಿಂದಾದ ದನಿಯ ಆಟವೇ. ಆದರೆ ಇಲ್ಲಿ ಮೇಲೆ ನಿಂತವನು ಸುಮ್ಮನೆ ಕೇಳಿ ಆನಂದಪಡುವ ಹಾಗಿರಲಿಲ್ಲ. ಕೇಳಿಸಿತೆಂದರೆ ಏನಾದರೂ ಮಾಡಬೇಕಿತ್ತು. ಅವತ್ತು ಕೆಳಗೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಈ ಹುಡುಗನೂ ಇದ್ದ. ನಾನು ಮೇಲಿದ್ದೆ.

ಅವನಿಗೆ ಫೋನ್ ಮಾಡಲು ನನಗೆ ಹನ್ನೊಂದು ದಿನ ಬೇಕಾಯಿತು. ರಿಮಾರ್ಕ್ಸ್ ಕಾಲಂ ಖಾಲಿ ಬಿಟ್ಟದ್ದನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಗೊತ್ತಿತ್ರಿ ಸರ್. ಆ ಶೀಟಿನ ಫಾರ್ಮ್ಯಾಟ್ ಮಾಡಿ ಕೊಟ್ಟಾಂವ ನಾನೇ ಅಲ್ರಿ” ಅಂದ. ನನಗೆ ಅದು ಮರೆತೇ ಹೋಗಿತ್ತು. ತಾಯಿ ಹೇಗಿದ್ದಾರೆ ಎಂದು ಕೇಳಿದೆ. “ನಡ್ದದ್ರಿ” ಅಂದ. ನಂತರ ರೆಫರೆನ್ಸ್ ಕೊಡ್ತೀರೇನು ಅಂತ ಕೇಳಿದ. ಕೊಟ್ಟೆ. ಅವನ ಬಿಲ್ಲಿಂಗ್ ಯಾಕೆ ಕಡಿಮೆಯಾಗಿತ್ತು ಎಂಬುದನ್ನು ಈ ಸಲ ಅದರಲ್ಲಿ ಬರೆದೆ. ನಾಲ್ಕು ತಿಂಗಳ ಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅದು ನನ್ನ ಕಾಗದದಿಂದ ಸಿಕ್ಕದ್ದಲ್ಲ, ಅವನ ಇಂಟರ್‌ವ್ಯೂನಿಂದ. ಆ ನಾಲ್ಕು ತಿಂಗಳ ಡಯಾಲಿಸಿಸ್ ಖರ್ಚನ್ನು ಹೇಗೆ ತೂಗಿಸಿದ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

‘ಬಾರಾನ್’ ಈಗಲೂ ಕೇಳುತ್ತೇನೆ. ಮಳೆ ಬಂದರಂತೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಒಂದೇ ನಿಯಮ ಮಾಡಿಕೊಂಡಿದ್ದೇನೆ: ಆ ದಿನ ಮಾಡಬೇಕಾದ ಫೋನು ಬಾಕಿಯಿದ್ದರೆ ಮೊದಲು ಪಾರ್ಕಿಂಗಿನಲ್ಲೇ ಕೂತು ಅದನ್ನು ಮಾಡಿ, ಆಮೇಲೆ ಹಾಡು. ಶೀಟಿನ ರಿಮಾರ್ಕ್ಸ್ ಕಾಲಂ ಈಗ ಖಾಲಿ ಬಿಡುವುದಿಲ್ಲ. ಬರೆದದ್ದರಿಂದ ಪಟ್ಟಿ ಬದಲಾಗಿದ್ದು ಒಂದೇ ಸಲ. ಉಳಿದ ಸಲ ಆಗಿಲ್ಲ. ಅಂಥ ರಾತ್ರಿಗಳಲ್ಲಿ ನಿದ್ದೆ ಅಷ್ಟು ಸಲೀಸಾಗಿ ಬರುವುದಿಲ್ಲ, ಬರಬೇಕು ಎಂದು ನಾನೂ ಹಟ ಮಾಡುವುದಿಲ್ಲ.

ಹುಡುಗ ಹಬ್ಬಕ್ಕೆ ಮೆಸೇಜ್ ಮಾಡುತ್ತಾನೆ. ಹಾಡಿನ ಲಿಂಕ್ ಮಾತ್ರ ಆಮೇಲೆ ಯಾವತ್ತೂ ಕಳಿಸಿಲ್ಲ.